ಹೋರಾಡಿದವರನ್ನೇ ಬಿಟ್ಟರೆ ಅದೆಂಥ ಇತಿಹಾಸ?

ಗುಲಾಮಗಿರಿ ಬಗ್ಗೆ ಸಿನಿಮಾ ಬಂದಾಗ ಅಂಗಿಯ ಗುಂಡಿ ಸರಿಯಿದೆಯಾ, ಬಂದೂಕು ಆ ಕಾಲದ್ದೇನಾ ಅಂತ ಹುಡುಕುವವರು ಅಮೆರಿಕದಲ್ಲಿ ಬೇಕಾದಷ್ಟು ಜನ. ನನಗೆ ಅದರ ಚಿಂತೆ ಇಲ್ಲ. ಬಿಡುಗಡೆಗೆ ಹೋರಾಡಿದವರು ಯಾರು ಅನ್ನೋದನ್ನೇ ತಪ್ಪಾಗಿ ತೋರಿಸಿದಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಗುಲಾಮಗಿರಿ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದಲ್ಲಿ, ಉತ್ತರದ ಪರ ಹೋರಾಡಲು ನಾನಿರುವ ಬಾಸ್ಟನ್ನಿನಲ್ಲೇ ಕಟ್ಟಿದ ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ಪಡೆಯ ಕತೆ ನೋಡಿ. ಅದರ ಬಗ್ಗೆ ಬಂದ 1989ರ ಸಿನಿಮಾ ‘ಗ್ಲೋರಿ’ ನೋಡಿದವರಿಗೆ ಆ ಕಪ್ಪು ಸೈನಿಕರಲ್ಲಿ ಬಹಳಷ್ಟು ಜನ ಮೊದಲು ಗುಲಾಮರಾಗಿದ್ದವರು ಅನಿಸುತ್ತದೆ. ನಿಜಕ್ಕೂ ಹೆಚ್ಚಿನವರು ಉತ್ತರದ ರಾಜ್ಯಗಳ ಸ್ವತಂತ್ರ ಜನ. ತಾನೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ಕಪ್ಪು ಮುಖಂಡ ಫ್ರೆಡೆರಿಕ್ ಡಗ್ಲಸ್ ಅವರ ಇಬ್ಬರು ಗಂಡುಮಕ್ಕಳೂ ಅದರಲ್ಲಿದ್ದರು, ಸಿನಿಮಾದಲ್ಲಿ ಇಬ್ಬರೂ ಇಲ್ಲ. ಇನ್ನು ಸಂಬಳದ ವಿಷಯ. ತಿಂಗಳಿಗೆ 13 ಡಾಲರ್ ಅಂತ ಸೇರಿಸಿಕೊಂಡು, ಆಮೇಲೆ 10 ಅಂದರು, ಅದರಲ್ಲೂ ಬಟ್ಟೆಗೆ ಅಂತ 3 ಹಿಡಿದುಕೊಳ್ಳುತ್ತೇವೆ ಅಂದರು. ಸೈನಿಕರು ಆ ದುಡ್ಡು ಮುಟ್ಟಲಿಲ್ಲ. ಊರಲ್ಲಿ ಹೆಂಡತಿ ಮಕ್ಕಳು ಕಷ್ಟಪಡುತ್ತಿದ್ದರೂ ವರ್ಷಕ್ಕೂ ಜಾಸ್ತಿ ಕಾಲ ಮುಟ್ಟಲಿಲ್ಲ, 1864ರಲ್ಲಿ ಸರ್ಕಾರವೇ ಬಿಳಿ ಸೈನಿಕರಿಗೆ ಸಮಾನವಾದ ಸಂಬಳಕ್ಕೆ ಒಪ್ಪಬೇಕಾಯಿತು. ಸಿನಿಮಾದಲ್ಲಿ ಇದು ಸಂಬಳದ ಚೀಟಿ ಹರಿಯುವ ಒಂದೇ ದೃಶ್ಯ, ಅದರಲ್ಲೂ ಕೊನೆಗೆ ಜೈಕಾರ ಬೀಳುವುದು ಬಿಳಿ ಕರ್ನಲ್ ತನ್ನ ಚೀಟಿ ಹರಿದಾಗ!

ಇಲ್ಲಿನವರ ಒಂದು ರೀತಿ ಮಾತ್ರ ನನಗೆ ಇಷ್ಟ. 2012ರ ‘ಲಿಂಕನ್’ನಲ್ಲಿ ಕನೆಕ್ಟಿಕಟ್‌ನ ಇಬ್ಬರು ಸಂಸದರು ಗುಲಾಮಗಿರಿ ರದ್ದತಿಗೆ ವಿರುದ್ಧ ಮತ ಹಾಕುತ್ತಾರೆ. 1865ರಲ್ಲಿ ಆ ರಾಜ್ಯದ ನಾಲ್ವರೂ ಪರವಾಗಿಯೇ ಹಾಕಿದ್ದರು. ಅಲ್ಲಿನ ಸಂಸದ ಜೋ ಕೋರ್ಟ್ನಿ ದಾಖಲೆ ಮುಂದಿಟ್ಟು ನಿರ್ದೇಶಕರಿಗೆ ಪತ್ರ ಬರೆದರು. ಚಿತ್ರಕತೆ ಬರೆದ ಟೋನಿ ಕುಶ್ನರ್, ಹೌದು, ಬದಲಾಯಿಸಿದ್ದೇನೆ ಅಂತ ಎಲ್ಲರೆದುರೇ ಒಪ್ಪಿಕೊಂಡು ಕಾರಣ ಹೇಳಿದರು. ನಮ್ಮಲ್ಲಿ ಐತಿಹಾಸಿಕ ಸಿನಿಮಾ ಬಂದರೆ ‘ನಮ್ಮವರಿಗೆ ಅವಮಾನ’ ಅಂತ ಗಲಾಟೆ ಶುರುವಾಗುತ್ತದೆ, ನಿರ್ಮಾಪಕರು ‘ಎಲ್ಲ ಕಾಲ್ಪನಿಕ’ ಅಂದು ಸುಮ್ನಾಗುತ್ತಾರೆ. ದಾಖಲೆ ಏನನ್ನುತ್ತದೆ ಅಂತ ಕೇಳುವವರ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಆದರೂ ಅದೇ ‘ಲಿಂಕನ್’ನಲ್ಲಿ ಡಗ್ಲಸ್ ಎಲ್ಲೂ ಕಾಣುವುದಿಲ್ಲವಲ್ಲ, ಎರಡು ಮತಕ್ಕಿಂತ ಅದು ದೊಡ್ಡ ತಪ್ಪು ಅಲ್ವಾ?

ಈ ವಿಷಯದಲ್ಲಿ ನಮ್ಮ ‘ಚೋಮನ ದುಡಿ’ಯೇ ಮೇಲು. 1975ರ ಸಿನಿಮಾ. ಚೋಮ ಕಲ್ಪನೆಯ ಮನುಷ್ಯ, ಆದರೆ ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುವುದು, ಹೊಲೆಯ ಅನ್ನುವ ಒಂದೇ ಕಾರಣಕ್ಕೆ ಉಳಲು ಗದ್ದೆ ಸಿಗದಿರುವುದು ಎಲ್ಲವೂ ನಿಜ. ಕಾಪಾಡಲು ಒಳ್ಳೆಯ ಧಣಿ ಓಡಿಬರುವುದಿಲ್ಲ. ಮರುವರ್ಷವೇ, 1976ರಲ್ಲಿ, ಜೀತ ರದ್ದತಿ ಕಾಯ್ದೆ ಬಂತು. ಆ ಕಾಯ್ದೆ ಹಿಡಿದು ಧಣಿಯ ಮನೆಯಿಂದ ಹೊರಬಂದು, ಬಿಡುಗಡೆ ಪತ್ರಕ್ಕಾಗಿ ಸರ್ಕಾರಿ ಕಚೇರಿಗೆ ಅಲೆದವರ ಬಗ್ಗೆ ಯಾರಾದರೂ ಸಿನಿಮಾ ಮಾಡಲಿ. ಮಾಡುವವರು ಮೊದಲು ಹೋಗಿ ಆ ಜನರನ್ನೇ ಕೇಳಲಿ, ಕಲೆಕ್ಟರ್ ಸಾಹೇಬರನ್ನು ಹೀರೋ ಮಾಡುವುದು ಬೇಡ.