ಕಂಟ್ರೋಲ್ ತಪ್ಪಿದ ಕಾಗದ

ನನ್ನ ಬೆರಳುಗಳಿಗೆ ನನಗಿಂತ ಜಾಸ್ತಿ ನೆನಪಿನ ಶಕ್ತಿ. ಕನ್ನಡಕ ಎಲ್ಲಿಟ್ಟೆ ಅನ್ನುವುದು ಐದು ನಿಮಿಷಕ್ಕೆ ಮರೆತುಹೋಗುತ್ತದೆ. ಆದರೆ ಕಾಗದ ಪತ್ರ ಟೈಪ್ ಮಾಡುವ ಹಳೇ ಕಾಲದ ತಂತ್ರಾಂಶ ವರ್ಡ್‌ಸ್ಟಾರ್‌ನಲ್ಲಿ ಒಂದು ಪದ ಅಳಿಸಲು ಕಂಟ್ರೋಲ್ ಜೊತೆ ಟಿ ಒತ್ತಬೇಕು ಅನ್ನುವುದನ್ನು ಬೆರಳು ಇವತ್ತಿಗೂ ಮರೆತಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಳೆಯ ಕಂಪ್ಯೂಟರನ್ನು ಬ್ರೌಸರಿನ ಟ್ಯಾಬಿನಲ್ಲೇ ಓಡಿಸಬಹುದು ಅಂತ ಗೊತ್ತಾದ ದಿನವೇ ನನ್ನ ಗ್ರಹಚಾರ ಶುರುವಾಯಿತು. ಹಾಗೆ ಓಡಿಸುವ ಎಮ್ಯುಲೇಟರ್ ಅಂದರೆ ಒಂಥರಾ ವೇಷಗಾರ. ತಾನೇ 1981ರ ಐಬಿಎಂ ಪಿಸಿ ಅಂತ ನಟಿಸುತ್ತದೆ, ಒಳಗಿರುವ ಡಾಸ್, ಅಂದರೆ ಆ ಪಿಸಿಯನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ, ಪಾಪ ನಂಬಿಬಿಡುತ್ತದೆ. 2011ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಎಂಬ ಪುಣ್ಯಾತ್ಮರು ಬರೀ ಜಾವಾಸ್ಕ್ರಿಪ್ಟ್ ಎಂಬ ಬ್ರೌಸರಿನ ಭಾಷೆಯಲ್ಲಿ ಪಿಸಿಯ ವೇಷ ಕಟ್ಟಿ, ಅದರೊಳಗೆ ಡಾಸ್ ಥರದ್ದೇ ಇನ್ನೊಂದು ಮೂಲ ತಂತ್ರಾಂಶ ಲಿನಕ್ಸನ್ನು ಓಡಿಸಿ ತೋರಿಸಿದರು. 2015ರ ಹೊತ್ತಿಗೆ ಹಳೆಯ ಡಿಜಿಟಲ್ ಸರಕು ಕಾಪಾಡಿಡುವ ಇಂಟರ್ನೆಟ್ ಆರ್ಕೈವ್‌ನವರು ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಹೀಗೇ ಟ್ಯಾಬಿನೊಳಗೆ ಕೂರಿಸಿದ್ದರು. ನಾನು ಆಟಕ್ಕೆ ಹೋಗಲಿಲ್ಲ. ಹೋಗಿದ್ದರೆ ಸೋತು ಸುಮ್ಮನಾಗುತ್ತಿದ್ದೆ.

ಬೂಟ್ ಆದ ಕೂಡಲೇ ಡಾಸ್ ತಾರೀಖು ಕೇಳಿತು. ತೋರಿಸಿದ್ದು 1980ರ ಜನವರಿ 1, ಮಂಗಳವಾರ. ಆ ಮೊದಲ ಪಿಸಿಗೆ ತಾರೀಖು ನೆನಪಿಟ್ಟುಕೊಳ್ಳುವ ಗಡಿಯಾರವೇ ಇರಲಿಲ್ಲ. ಆನ್ ಮಾಡಿದಾಗಲೆಲ್ಲ 1980ರಲ್ಲೇ ಕಣ್ಣು ಬಿಡುತ್ತಿತ್ತು. ನಾನು ಸುಮ್ನೆ ಎಂಟರ್ ಒತ್ತಿದೆ. ವಯಸ್ಸು ಕಮ್ಮಿ ಮಾಡುತ್ತೀನಿ ಅಂದರೆ ತಕರಾರು ಯಾಕೆ, ಅಲ್ವಾ?

ವರ್ಡ್‌ಸ್ಟಾರ್ ತೆರೆದು ಹಳೆಯ ಗೆಳೆಯನಿಗೆ ಒಂದು ಕಾಗದ ಬರೆಯೋಣ ಅಂತ ಕೂತೆ. ಇದು ಬಂದದ್ದು 1978ರಲ್ಲಿ. ಆಗ ಎಷ್ಟೋ ಕೀಬೋರ್ಡುಗಳಲ್ಲಿ ಬಾಣದ ಗುರುತಿನ ಕೀಗಳೇ ಇರಲಿಲ್ಲ. ಹಾಗಾಗಿ ಕಂಟ್ರೋಲ್ ಹಿಡಿದು ಇ ಒತ್ತಿದರೆ ಮೇಲೆ, ಎಕ್ಸ್ ಒತ್ತಿದರೆ ಕೆಳಗೆ, ಎಸ್ ಎಡಕ್ಕೆ, ಡಿ ಬಲಕ್ಕೆ. ಕೀಬೋರ್ಡಿನ ಮೇಲೆ ಈ ನಾಲ್ಕೂ ಎಡಗೈ ಕೆಳಗೆ ಚೌಕಾಬಾರದ ಕಟ್ಟೆಯ ಹಾಗೆ ಸುತ್ತ ಕೂತಿವೆ. ಒಮ್ಮೆ ಕೈಗೆ ಹತ್ತಿದರೆ ಬಿಡುವುದಿಲ್ಲ.

ಮೊದಲ ಪ್ಯಾರಾ ಸಲೀಸಾಗಿ ಬಂತು. ಎರಡನೆಯದರಲ್ಲಿ ಒಂದು ಪದ ಜಾಸ್ತಿ ಅನ್ನಿಸಿತು. ಕಂಟ್ರೋಲ್ ಟಿ ಒತ್ತಿ, ಕೀಬೋರ್ಡಿನಿಂದ ತಲೆ ಎತ್ತದೆ, ‘ನಿನ್ನ ತಲೇಲಿ ಕೂದಲು ಉಳಿದಿದೆಯಾ?’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡೆದೆ. ತಲೆ ಎತ್ತಿದರೆ ಬೋಳುತಲೆಗೆ ಹತ್ತು ಪರಿಹಾರ! ಪದ ಅಳಿದಿರಲಿಲ್ಲ. ಕಂಟ್ರೋಲ್ ಟಿ ಅಂದರೆ ಬ್ರೌಸರಿನ ಭಾಷೆಯಲ್ಲಿ ಹೊಸ ಟ್ಯಾಬ್. ನನ್ನ ಪ್ರಶ್ನೆ ಗೆಳೆಯನ ಬದಲು ನೇರ ಹುಡುಕಾಟಕ್ಕೆ ಹೋಗಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು ಕಥೆ. ಒಳಗೆ ವರ್ಡ್‌ಸ್ಟಾರ್ ಕೈ ಮುಗಿದು ಕಾದಿದೆ. ಆದರೆ ಕೆಲವು ಕೀಗಳನ್ನು ಬ್ರೌಸರ್ ಬಾಗಿಲಲ್ಲೇ ತಡೆದು ತಾನೇ ಇಟ್ಟುಕೊಳ್ಳುತ್ತದೆ, ಪುಟದೊಳಕ್ಕೆ ಬಿಡುವುದೇ ಇಲ್ಲ. ಹೊಸ ಸಾಲಿಗೆ ಅಂತ ಕಂಟ್ರೋಲ್ ಎನ್ ಒತ್ತಿದೆ, ಹೊಸ ಕಿಟಕಿ ತೆರೆಯಿತು. ಬುದ್ಧಿ ಇದ್ದವನು ಇಲ್ಲಿಗೆ ನಿಲ್ಲಿಸುತ್ತಿದ್ದ.

ನಾನೂ ತೀರಾ ದಡ್ಡನಲ್ಲ. ಭಯವಾಗಿ ಕಂಟ್ರೋಲ್ ಕೆ, ಎಸ್ ಒತ್ತಿ ಕಾಗದವನ್ನು ಸೇವ್ ಮಾಡಿದೆ. ಫೈಲು ಉಳಿಸಿಡುವ ಹಳೇ ಡಿಸ್ಕು, ಅದೇ ಫ್ಲಾಪಿ, ಅದರ ಸದ್ದೂ ಕರಕರ ಅಂತ ಕೇಳಿತು. ಎಂಥಾ ಸಮಾಧಾನ! ಧೈರ್ಯವಾಗಿ ಎರಡು ಪುಟ ತುಂಬಿಸಿದೆ. ಮಧ್ಯೆ ಮಧ್ಯೆ ಸೇವ್, ಕರಕರ. ಕೊನೆಗೆ ಮೇಲಿನ ಸಾಲು ನೋಡೋಣ ಅಂತ ಪರದೆ ಒಂಚೂರು ಸರಿಸಲು ಕಂಟ್ರೋಲ್ ಡಬ್ಲ್ಯೂ ಒತ್ತಿದೆ.

ಟ್ಯಾಬ್ ಮುಚ್ಚಿಕೊಂಡಿತು.

ಒಂದು ಕ್ಷಣ ನಕ್ಕೆ ಕೂಡ. ಸೇವ್ ಮಾಡಿದ್ದೀನಲ್ಲ! ಮುಚ್ಚಿದ ಟ್ಯಾಬನ್ನು ವಾಪಸ್ ತೆರೆಸಿದೆ. ಡಾಸ್ ಅದೇ ಹಳೆ ಮುಖ ಹೊತ್ತು ತಾರೀಖು ಕೇಳಿತು. 1980, ಜನವರಿ 1, ಮಂಗಳವಾರ. ಫೈಲುಗಳ ಪಟ್ಟಿ ತೆಗೆಸಿದರೆ ನನ್ನ ಕಾಗದದ ಹೆಸರೇ ಇಲ್ಲ. ಆಮೇಲೆ ಹೊಳೆಯಿತು. ನಾನು ಸೇವ್ ಮಾಡಿದ್ದು ಫ್ಲಾಪಿಗೆ, ನಿಜ. ಫ್ಲಾಪಿ ಇದ್ದದ್ದು ಪಿಸಿಯಲ್ಲಿ. ಪಿಸಿ ಇದ್ದದ್ದು ಟ್ಯಾಬಿನಲ್ಲಿ. ಆ ಟ್ಯಾಬನ್ನು ಮುಚ್ಚಿದ್ದು ನಾನೇ. ಕರಕರ ಸದ್ದು ಮಾತ್ರ ಅಪ್ಪಟ ಅಸಲಿ.

ಫ್ಲಾಪಿಯಲ್ಲಿರುವುದನ್ನು ನಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಪುಟದ ತುದಿಯಲ್ಲೇ ಒಂದು ಬಟನ್ ಇತ್ತು. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ.

ಈಗ ಡಬ್ಲ್ಯೂ ಕೀ ಮೇಲೆ ಬ್ಯಾಂಡೇಜ್ ಅಂಟಿಸಿದ್ದೇನೆ. ‘ಅದಕ್ಕೇನ್ರೀ ಗಾಯ ಆಯ್ತು?’ ಅಂತ ನನ್ನ ಹೆಂಡತಿ ಕೇಳಿದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎರಡು ಪುಟದ ಕಾಗದದಲ್ಲಿ ಒಂದಕ್ಷರವೂ ಉಳಿಯಲಿಲ್ಲ. ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಮಾತ್ರ ನಾನು ಯಾವ ಪುಟ ತೆರೆದರೂ ಮುಂಚೆಯೇ ಬಂದು ಕೂತಿರುತ್ತದೆ.