ಯಂತ್ರ ಕೂರಿಸಿ ಹೋದರೆ ಮುಗಿಯಿತೇ?

ಮುರುಗಲು ಸಿಪ್ಪೆಯ ರಸಕ್ಕೆ ಒಂದು ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ದ್ರಾವಣ ಸೇರಿಸಿ, ಬಣ್ಣ ಹಳದಿಗಂದಿಗೆ ತಿರುಗಿದರೆ ಬೆಳ್ಳಿಯ ನ್ಯಾನೋಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಚೂರು, ಹುಟ್ಟಿದ ಸುಳಿವು. ಶಿರಸಿಯ ಯಾವ ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಬಹುದಾದ ಕೆಲಸ. ಕಷ್ಟ ಶುರುವಾಗುವುದು ಆ ಕಣದ ಗಾತ್ರ ಎಷ್ಟು ಎಂದು ಕೇಳಿದಾಗ. ಮಾದರಿ ಕಾರವಾರದಿಂದಾದರೆ ಅರಬೈಲು ಘಾಟಿ ಹತ್ತಿ, ಶಿರಸಿಯಿಂದಾದರೆ ಯಲ್ಲಾಪುರದ ದಾರಿಯಲ್ಲಿ ಧಾರವಾಡಕ್ಕೆ ಹೋಗುತ್ತದೆ, ಒಂದು ಪುಟದ ವರದಿ ವಾಪಸು ಬರುತ್ತದೆ, ಅದರಲ್ಲಿದ್ದ ಅಂಕಿ ಹಾಗೇ ಪ್ರಬಂಧಕ್ಕೆ ಇಳಿಯುತ್ತದೆ. ಗಾತ್ರ ಅಳೆಯುವ ಯಂತ್ರ ತಯಾರಿಸಿದ ಕಂಪನಿಗೆ ಇದರಲ್ಲಿ ಪಾತ್ರವೇ ಇಲ್ಲ. ಟೆಂಡರ್ ಗೆದ್ದು, ಯಂತ್ರ ಕೂರಿಸಿ, ತರಬೇತಿ ಕೊಟ್ಟು, ವಾರ್ಷಿಕ ನಿರ್ವಹಣೆಯ ಕರಾರು ಮಾಡಿಕೊಂಡರೆ ಅದರ ಕೆಲಸ ಮುಗಿಯಿತು. ನಾನೀಗ ಇರುವ ಇಂಗ್ಲೆಂಡಿನ ರೀತಿ ಬೇರೆ. ಅದು ನಮ್ಮ ಕರಾವಳಿಗೂ ಬರಬೇಕು.

ಇಲ್ಲಿನ ಸಾಲ್ಸ್‌ಬರಿಯಲ್ಲಿ ಹುಟ್ಟಿದ ನ್ಯಾನೋಸೈಟ್ ಕಂಪನಿಯನ್ನೇ ನೋಡಿ. ದ್ರವದಲ್ಲಿ ತೇಲುವ ಕಣಗಳ ಮೇಲೆ ಲೇಸರ್ ಹಾಯಿಸಿ, ಒಂದೊಂದರ ಓಡಾಟವನ್ನೂ ಕ್ಯಾಮೆರಾದಲ್ಲಿ ಹಿಂಬಾಲಿಸಿ ಗಾತ್ರ ಲೆಕ್ಕಹಾಕುವ ಯಂತ್ರ ಅವರದು. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆದ ಕ್ವಾಲಿಟಿನ್ಯಾನೋ ಯೋಜನೆಯವರ ಜೊತೆಗೂಡಿ 12 ಪ್ರಯೋಗಾಲಯಗಳು ಈ ವಿಧಾನದ ಫಲಿತಾಂಶಗಳನ್ನು ಹೋಲಿಸಿ ನೋಡಿದವು. 2013ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರಲ್ಲಿ ಕಂಪನಿಯ ವಿಜ್ಞಾನಿಗಳೂ ಇದ್ದಾರೆ. ಅಳೆಯುವ ಕ್ರಮವನ್ನು ಎಲ್ಲರೂ ಸೇರಿ ತಿದ್ದುತ್ತ ಹೋದಂತೆ ಬೇರೆ ಬೇರೆ ಊರಿನ ಅಂಕಿಗಳು ಹತ್ತಿರ ಬಂದವು. ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿರಬೇಕು, ಎಷ್ಟು ಬೆಳಗಿದ ಚುಕ್ಕಿಯನ್ನು ಕಣವೆಂದು ಎಣಿಸಬೇಕು ಎಂದು ಯಂತ್ರ ನಡೆಸುವವರೇ ನಿಗದಿ ಮಾಡುವುದರಿಂದ, ಒಪ್ಪಂದವಿಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಮಿಲಿಲೀಟರಿಗೆ ಒಂದು ಕೋಟಿಯಿಂದ ನೂರು ಕೋಟಿ ಕಣಗಳ ನಡುವೆ ಇರುವಂತೆ ತೆಳುಮಾಡಬೇಕು. ಹೆಚ್ಚಾದರೆ ಕಣಗಳ ಹಾದಿ ಒಂದಕ್ಕೊಂದು ಅಡ್ಡಬರುತ್ತದೆ, ಕಡಿಮೆಯಾದರೆ ಎಣಿಕೆಗೆ ಸಾಲದು. ಇಂಥದ್ದನ್ನು ಯಂತ್ರ ಕಟ್ಟಿದವರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ನಮ್ಮ ಪ್ರಬಂಧಗಳಲ್ಲಿ ಹೆಚ್ಚು ಕಾಣುವುದು ಡಿಎಲ್‌ಎಸ್, ಚದುರಿದ ಬೆಳಕಿನ ಏರಿಳಿತದಿಂದ ಗಾತ್ರ ತೆಗೆಯುವ ವಿಧಾನ. ಸಣ್ಣ ಕಣ ಚದುರಿಸುವ ಬೆಳಕು ಅದರ ವ್ಯಾಸದ ಆರನೇ ಘಾತದಂತೆ ಏರುತ್ತದೆ. ಅಂದರೆ 100 ನ್ಯಾನೋಮೀಟರಿನ ಒಂದೇ ಕಣ 20 ನ್ಯಾನೋಮೀಟರಿನ 15,625 ಕಣಗಳಿಗೆ ಸಮ. ನೀರಿನಲ್ಲಿ ಚೂರು ಧೂಳಿದ್ದರೂ ನಿಜವಾದ ಕಣ ಮರೆಯಾಗುತ್ತದೆ. ತೆಳುಮಾಡುವ ಡಿಅಯಾನೀಕೃತ ನೀರನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಲೇಬೇಕು. ಬಾವಿ ನೀರು ಬೇಡವೇ ಬೇಡ, ಅದರ ಕ್ಲೋರೈಡು ಉಳಿದ ಬೆಳ್ಳಿಯ ಅಯಾನುಗಳನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಆಗಿಬಿಡುತ್ತದೆ. ಎಲೆಯ ರಸ ಬಳಸಿದ್ದರೆ ಸೆಂಟ್ರಿಫ್ಯೂಜಿನಲ್ಲಿ ತೊಳೆದು ಅಳೆಯಬೇಕು: ಬಹಳಷ್ಟು ಯಂತ್ರಗಳ ಲೇಸರ್ 633 ನ್ಯಾನೋಮೀಟರಿನ ಕೆಂಪು, ಉಳಿದ ಕ್ಲೋರೋಫಿಲ್ ಅದನ್ನು ಹೀರಿ ತಾನೇ ಬೆಳಗುತ್ತದೆ. ಕೆಡದಿರಲೆಂದು ಮಾದರಿಯನ್ನು ಫ್ರೀಜರಿನಲ್ಲಿ ಇಡುವುದೂ ತಪ್ಪು. ನೀರು ಗಡ್ಡೆಕಟ್ಟುವಾಗ ಕಣಗಳು ಒತ್ತರಿಸಿ ಅಂಟಿಕೊಳ್ಳುತ್ತವೆ, ಕರಗಿದ ಮೇಲೂ ಬಿಡುವುದಿಲ್ಲ.

ಇನ್ನು ಕಾರವಾರದ ಮಳೆಗಾಲ. ಹವೆಯ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟಲು ತೊಡಗುವ ಉಷ್ಣಾಂಶ, 25 ಡಿಗ್ರಿಯ ಹತ್ತಿರವೇ ಇರುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ 20 ಡಿಗ್ರಿಗೆ ಅಳೆಯಹೊರಟರೆ ಮಾದರಿ ತುಂಬುವ ಪುಟ್ಟ ಪಾರದರ್ಶಕ ಪಾತ್ರೆಯ, ಅಂದರೆ ಕ್ಯುವೆಟ್ಟಿನ, ಹೊರಮೈ ಬೆವರುತ್ತದೆ, ಲೇಸರ್ ಆ ಹನಿಗಳಲ್ಲೇ ಚದುರುತ್ತದೆ. ಒಣ ಗಾಳಿ ಹಾಯಿಸುವ ಕಿಂಡಿ ಕೆಲವು ಯಂತ್ರಗಳಲ್ಲಿದೆ, ಅದಕ್ಕೆ ಕೊಳವೆ ಜೋಡಿಸಿರಬೇಕಷ್ಟೆ. ಉಷ್ಣಾಂಶ ಏರಿಸಿ ಅಳೆಯುವುದಾದರೆ ಮಾದರಿ ಆ ಬಿಸಿಗೆ ಬರಲು ಎರಡು ನಿಮಿಷವಾದರೂ ಬಿಡಬೇಕು. ನೀರಿನ ಸ್ನಿಗ್ಧತೆ ಡಿಗ್ರಿಗೆ ಸುಮಾರು ಶೇ. 2ರಷ್ಟು ಬದಲಾಗುತ್ತದೆ, ಗಾತ್ರದ ಲೆಕ್ಕವೂ ಅದರ ಜೊತೆಗೇ ತಪ್ಪುತ್ತದೆ.

ಕಾಳಿ ನದಿ ಕಡಲು ಸೇರುವಲ್ಲಿ ನ್ಯಾನೋಕಣ ಏನಾಗುತ್ತದೆ ಎಂಬುದು ಕಾರವಾರದ ಕೋಡಿಬಾಗದಲ್ಲಿರುವ ಸಾಗರ ಜೀವಶಾಸ್ತ್ರ ವಿಭಾಗದ ಕಣ್ಣೆದುರಿಗೇ ಇರುವ ಪ್ರಶ್ನೆ. ಉಪ್ಪು ಕಣದ ಸುತ್ತಲಿನ ವಿದ್ಯುತ್ ಪದರವನ್ನು ಕುಗ್ಗಿಸುತ್ತದೆ, ಪರಸ್ಪರ ದೂಡುವ ಬಲ ಸಾಲದೆ ಕಣಗಳು ಗಂಟುಕಟ್ಟುತ್ತವೆ. ಅಲ್ಲಿನ ನೀರಿನಲ್ಲಿ ಝೀಟಾ ಪೊಟೆನ್ಷಿಯಲ್ (ಕಣಗಳು ಪರಸ್ಪರ ಎಷ್ಟು ದೂಡುತ್ತವೆ ಎಂದು ತಿಳಿಸುವ, ಅವುಗಳ ಸುತ್ತಲಿನ ವಿದ್ಯುತ್ತಿನ ಅಳತೆ) ಅಳೆದರೆ ವಿದ್ಯುತ್ ಜೋರಾಗಿ ಹರಿದು ಎಲೆಕ್ಟ್ರೋಡು ಕಪ್ಪಾಗುತ್ತದೆ, ಮಾದರಿ ಬಿಸಿಯಾಗುತ್ತದೆ. ವೋಲ್ಟೇಜು ಎಷ್ಟು ಇಳಿಸಬೇಕು, ಸುತ್ತುಗಳ ನಡುವೆ ಎಷ್ಟು ಬಿಡುವು ಕೊಡಬೇಕು ಎಂಬುದನ್ನು ಯಂತ್ರದ ಬಳಕೆ ಕಲಿಸುವ ಕಂಪನಿಯ ಅಪ್ಲಿಕೇಶನ್ ವಿಜ್ಞಾನಿ ವಿದ್ಯಾರ್ಥಿಯ ಪಕ್ಕದಲ್ಲೇ ನಿಂತು ಹೊಂದಿಸಬೇಕು.

ಹಾಗೆಂದು ಮಾರುವವರ ಕೈಗೇ ತೀರ್ಪು ಕೊಡಬಾರದು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 30 ನ್ಯಾನೋಮೀಟರ್ ಚಿನ್ನದ ಪ್ರಮಾಣ ಮಾದರಿಗೆ (ಯಂತ್ರಗಳನ್ನು ಪರೀಕ್ಷಿಸಲು ಬಳಸುವ, ಮೊದಲೇ ಅಳೆದಿಟ್ಟ ಕಣ) ಎಎಫ್ಎಂ, ಅಂದರೆ ಸೂಜಿಮೊನೆಯಿಂದ ತಡವಿ ಅಳೆಯುವ ಸೂಕ್ಷ್ಮದರ್ಶಕ, ಕೊಟ್ಟ ಅಂಕಿ 24.9, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ್ದು 27.6, ಡಿಎಲ್‌ಎಸ್‌ನದು 28.6. ಮೂರೂ ಸರಿಯೇ, ಡಿಎಲ್‌ಎಸ್ ಕಣದ ಜೊತೆ ಅದಕ್ಕಂಟಿದ ನೀರಿನ ಪದರವನ್ನೂ ಅಳೆಯುತ್ತದೆ. ತನ್ನ ಯಂತ್ರದ ಅಂಕಿಯೇ ನಿಜ ಎನ್ನುವ ಕಂಪನಿ ಪಾಲುದಾರನಾಗಲು ತಕ್ಕದ್ದಲ್ಲ. ಹೋಲಿಕೆಯ ಮಾದರಿಯನ್ನು ಮೂರನೆಯವರು ಗಾತ್ರ ಹೇಳದೆ ಕಳಿಸಬೇಕು.

ಮುಂದಿನ ಖರೀದಿಯ ಟೆಂಡರಿನಲ್ಲೇ ಇದನ್ನೆಲ್ಲ ಬರೆಸಲಿ. ವರ್ಷಕ್ಕೆರಡು ಬಾರಿ, ಅದರಲ್ಲೊಮ್ಮೆ ಜುಲೈಯಲ್ಲೇ, ಅಪ್ಲಿಕೇಶನ್ ವಿಜ್ಞಾನಿ ಬಂದು ಇಲ್ಲಿನ ಮಾದರಿಗಳ ಮೇಲೆ ಕೆಲಸ ಮಾಡಲಿ. ಪ್ರಮಾಣ ಕಣ, ಫಿಲ್ಟರು, ಕ್ಯುವೆಟ್ಟುಗಳಿಗೆ ಬೇರೆಯೇ ಹಣ ಇರಲಿ. ಕಾರವಾರ, ಶಿರಸಿ, ಧಾರವಾಡಕ್ಕೆ ಅಳತೆಯ ಕ್ರಮ ಒಂದೇ ಆಗಲಿ. ಮಾದರಿ ಕಳಿಸಿದ ವಿದ್ಯಾರ್ಥಿಗೆ ಸರಾಸರಿ ಗಾತ್ರದ ಜೊತೆ ಕೋರಿಲೇಷನ್ ವಕ್ರರೇಖೆಯ, ಅಂದರೆ ಗಾತ್ರ ಲೆಕ್ಕಹಾಕಲು ಆಧಾರವಾದ ಬೆಳಕಿನ ಏರಿಳಿತದ ಗೆರೆಯ, ಕಚ್ಚಾ ಕಡತವೂ ಸಿಗಲಿ. ಧೂಳು ಹೊಕ್ಕಿದ್ದರೆ ಆ ಗೆರೆಯ ಬಾಲದಲ್ಲೇ ಗೊತ್ತಾಗುತ್ತದೆ.