ಜರ್ಮನಿಯ ರಂಗಮಂದಿರಗಳಲ್ಲಿ ಜರ್ಮನ್ ಮಾಯವಾಗಿದೆಯಾ?

‘ಜನರ ತೆರಿಗೆ ಹಣದಲ್ಲಿ ನಡೆಯುವ ಜರ್ಮನಿಯ ನಾಟಕ ಮಂದಿರಗಳು ವಿದೇಶಿಯರ ಪಾಲಾಗಿವೆ’ ಅನ್ನೋ ಫಾರ್ವರ್ಡ್ ಬಂದಿದ್ದರೆ, ಸ್ವಲ್ಪ ನಿಲ್ಲಿ. ಇದು ಸತ್ಯ ಅಲ್ಲ.

ಬರ್ಲಿನ್‌ನ ಮ್ಯಾಕ್ಸಿಮ್ ಗಾರ್ಕಿ ಥಿಯೇಟರ್ ನೋಡಿ. ಸಂಬಳದ ಸ್ವಂತ ನಟರ ತಂಡ ಈಗಲೂ ಇದೆ. ನಟರು ಜರ್ಮನ್ ಆಡುತ್ತಿದ್ದರೆ, ಮೇಲೆ ಇಂಗ್ಲಿಷ್ ಸಾಲುಗಳು ಓಡುತ್ತವೆ. ಜರ್ಮನ್ ಬಾರದವರಿಗೂ ಕಥೆ ಸಿಗುತ್ತದೆ, ಅಷ್ಟೇ. 2016ರಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಪ್ಯಾಲೆಸ್ತೀನ್‌ನಿಂದ ಬಂದ ನಟರಿಗೂ ಇಲ್ಲಿ ಒಂದು ತಂಡ ಕಟ್ಟಿದರು. ಅವರು ಬಸ್ ಹತ್ತಿ ಜರ್ಮನಿ ಸುತ್ತಿದರು. ಆ ಪ್ರಯಾಣವೇ ನಾಟಕವಾಯಿತು!

ಭಯ ಸುಮ್ನೆ ಹುಟ್ಟಿದ್ದಲ್ಲ, ಬಿಡಿ. ಅದೇ ಊರಿನ ಫೋಕ್ಸ್‌ಬ್ಯೂನೆ ಅನ್ನೋ ಇನ್ನೊಂದು ರಂಗಮಂದಿರಕ್ಕೆ 2017ರಲ್ಲಿ ಲಂಡನ್‌ನ ಮ್ಯೂಸಿಯಂನಿಂದ ಕ್ರಿಸ್ ಡೆರ್ಕನ್ ಮುಖ್ಯಸ್ಥರಾಗಿ ಬಂದರು. ಹೊರಗಿನ ತಂಡಗಳ ಪ್ರದರ್ಶನಗಳೇ ಜಾಸ್ತಿ ಅಂತ ಜನ ಸಿಟ್ಟಾದರು. 2018ರ ಏಪ್ರಿಲ್‌ನಲ್ಲೇ ಅವರು ಹುದ್ದೆ ಬಿಟ್ಟರು.